ಗೋಧಿ ಇಲ್ಲದ ಅಡುಗೆಮನೆ

ನನ್ನ ಅಕ್ಕನ ಮಗಳಿಗೆ ಒಂಬತ್ತು ತುಂಬಿದಾಗ ಅವಳು ಓರಗೆಯ ಮಕ್ಕಳಿಗಿಂತ ನಾಲ್ಕು ಬೆರಳು ಗಿಡ್ಡ ಇದ್ದಳು. ಮುಖ ಬಿಳಿಚಿಕೊಂಡಿತ್ತು, ಉಂಡರೆ ಹೊಟ್ಟೆ ಉಬ್ಬುತ್ತಿತ್ತು, ಆಗಾಗ ಭೇದಿ. ಜಂತುಹುಳುವಿನ ಔಷಧಿ ಕೊಟ್ಟದ್ದಾಯಿತು, ಕಬ್ಬಿಣಾಂಶದ ಸಿರಪ್ ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಮಾಡಿಸಿದಾಗ ಅದು ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಯಿತು. ಇದಕ್ಕೆ ಮಾತ್ರೆ ಇಲ್ಲ, ಗೋಧಿಯನ್ನು ಜೀವನಪೂರ್ತಿ ಬಿಡುವುದೇ ಚಿಕಿತ್ಸೆ ಎಂದರು ವೈದ್ಯರು.

ಅಕ್ಕ ಅವತ್ತೇ ಚಪಾತಿ ನಿಲ್ಲಿಸಿದಳು. ಬ್ರೆಡ್ಡು, ಬಿಸ್ಕತ್ತು, ಉಪ್ಪಿಟ್ಟು, ಶ್ಯಾವಿಗೆ ಎಲ್ಲಕ್ಕೂ ವಿದಾಯ. ತುಮಕೂರಿನ ಮನೆ, ಮುದ್ದೆಗೇನು ಕೊರತೆ? ಮಗುವಿಗೆ ದಿನಾ ಮುದ್ದೆ, ಅನ್ನ, ಸಾರು. ಆರು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ, ಇಳಿಯಬೇಕಿದ್ದ ಪ್ರತಿಕಾಯಗಳ ಅಂಕಿ ಇಳಿದಿರಲಿಲ್ಲ. "ನಮ್ಮನೇಲಿ ಗೋಧಿ ಅನ್ನೋದೇ ಇಲ್ಲ ಮೇಡಂ" ಎಂದು ಅಕ್ಕ ಕಣ್ಣೀರು ಹಾಕಿದಳು. ಆಹಾರ ತಜ್ಞೆ ಸಮಾಧಾನವಾಗಿ ಒಂದೇ ಪ್ರಶ್ನೆ ಕೇಳಿದರು: "ರಾಗಿ ಎಲ್ಲಿ ಬೀಸಿಸ್ತೀರಮ್ಮ?"

ಬೀದಿ ಕೊನೆಯ ಗಿರಣಿಯಲ್ಲಿ. ಹಿಂದಿನವರು ಗೋಧಿ ಬೀಸಿಸಿಕೊಂಡು ಹೋದ ಮೇಲೆ, ಅದೇ ಕಲ್ಲಿನಲ್ಲಿ.

ಗ್ಲುಟೆನ್ ಇಲ್ಲದ ಊಟಕ್ಕೆ ಹೊಂದಿಕೊಳ್ಳುವ ಕಷ್ಟದ ಸಾರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಕಣ್ಣಿಗೆ ಕಾಣುವ ಗೋಧಿಯನ್ನು ಬಿಡುವುದು ಕನ್ನಡನಾಡಿನವರಿಗೆ ಅಷ್ಟು ಕಷ್ಟವಲ್ಲ. ನಮ್ಮಲ್ಲಿ ಅಕ್ಕಿ, ರಾಗಿ, ಜೋಳ, ನವಣೆ ಎಲ್ಲವೂ ಇವೆ. ಕಷ್ಟವಿರುವುದು ಕಾಣದ ಗೋಧಿಯದು. ಅದು ಯಾವ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ, ಆ ಬಾಗಿಲುಗಳನ್ನು ಹೇಗೆ ಮುಚ್ಚಬೇಕು ಎಂದು ಹೊಸದಾಗಿ ಈ ಪಥ್ಯ ಹಿಡಿದವರಿಗೆ ಮತ್ತು ಅವರ ಮನೆಯವರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಗ್ಲುಟೆನ್ ಎಂದರೆ ಏನು?

ಹೋಳಿಗೆಗೆ ಕಣಕ ಕಲಸಿ ನೆನೆಸಿಟ್ಟಾಗ ಅದು ರಬ್ಬರಿನಂತೆ ಹಿಗ್ಗುತ್ತದಲ್ಲ, ಆ ಗುಣ ಕೊಡುವುದೇ ಗ್ಲುಟೆನ್. ಗೋಧಿಯಲ್ಲಿರುವ ಅಂಟಿನಂಥ ಪ್ರೋಟೀನು ಅದು. ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಇದೇ ಜಾತಿಯ ಪ್ರೋಟೀನುಗಳಿವೆ. ಬಹುಪಾಲು ಜನರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಸೀಲಿಯಾಕ್ ಇರುವವರ ದೇಹ ಮಾತ್ರ ಗ್ಲುಟೆನ್ನಿಗೆ ಪ್ರತಿಯಾಗಿ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ಎದ್ದು ನಿಂತಿರುವ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಹಾರದ ಸತ್ವ ಹೀರುವುದು ಆ ಎಳೆಗಳೇ ಆದ್ದರಿಂದ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಮೂಳೆ ಸವೆತ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ಕೆಲವರಲ್ಲಿ ತುರಿಕೆಯ ಗುಳ್ಳೆಗಳು, ಮತ್ತೆ ಕೆಲವರಲ್ಲಿ ಬರೀ ಸುಸ್ತು. ಭೇದಿ ಇರಲೇಬೇಕೆಂದಿಲ್ಲ.

ಗೋಧಿಯೇ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಬ್ರೆಡ್ ಬಿಟ್ಟಾಗ ಕೆಲವು ಮಕ್ಕಳು ಚೇತರಿಸಿಕೊಳ್ಳುವುದನ್ನು ಅವರು 1930ರ ದಶಕದಲ್ಲೇ ಗಮನಿಸಿದ್ದರು. ಎರಡನೇ ಮಹಾಯುದ್ಧದ 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಭೀಕರ ಬರಗಾಲ ಬಂದು ಗೋಧಿ ಸಿಗದಾದಾಗಲೂ ಈ ಮಕ್ಕಳು ಗೆಲುವಾದರು, ಬ್ರೆಡ್ ಮರಳಿದಾಗ ಕಾಯಿಲೆಯೂ ಮರಳಿತು. 1950ರಲ್ಲಿ ಡಿಕೆ ಇದನ್ನೆಲ್ಲ ತಮ್ಮ ಪ್ರಬಂಧದಲ್ಲಿ ದಾಖಲಿಸಿದರು. ಇಂದಿಗೂ ಚಿಕಿತ್ಸೆ ಅದೇ: ಗ್ಲುಟೆನ್ ಬಿಡುವುದು.

ನಮ್ಮ ದೇಶದಲ್ಲಿ ಇದು ಚಪಾತಿ ಉಣ್ಣುವ ಉತ್ತರದಲ್ಲಿ ಹೆಚ್ಚು. 2016ರಲ್ಲಿ ಪ್ರಕಟವಾದ ಅಖಿಲ ಭಾರತ ಮಟ್ಟದ ಅಧ್ಯಯನವೊಂದರ ಪ್ರಕಾರ ಈ ಕಾಯಿಲೆಯ ಸೂಚಕ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23ರಷ್ಟು ಜನರಲ್ಲಿದ್ದರೆ, ದಕ್ಷಿಣದಲ್ಲಿ ಶೇ. 0.10ರಷ್ಟು ಜನರಲ್ಲಿದ್ದವು. ಕಡಿಮೆ ಎಂಬುದು ನಿಜ. ಆದರೆ ಅಪರೂಪದ ಕಾಯಿಲೆಗೆ ಇರುವ ಅಪಾಯವೇ ಅದು, ಯಾರಿಗೂ ಬೇಗ ಹೊಳೆಯುವುದಿಲ್ಲ. ಅಕ್ಕನ ಮನೆಯಲ್ಲಿ ಹೊಳೆಯಲು ನಾಲ್ಕು ವರ್ಷ ಹಿಡಿಯಿತು.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಅನುಮಾನ ಬಂದ ಕೂಡಲೇ ಗೋಧಿ ಬಿಟ್ಟುಬಿಡಬೇಡಿ. ಈ ಮಾತು ವಿಚಿತ್ರವೆನಿಸಬಹುದು, ಆದರೆ ಬಹಳ ಮುಖ್ಯ. ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆ ಮತ್ತು ಸಣ್ಣ ಕರುಳಿನಿಂದ ಚೂರು ತೆಗೆದು ನೋಡುವ ಬಯಾಪ್ಸಿ ಸರಿಯಾದ ಉತ್ತರ ಕೊಡುವುದು ನೀವು ಗೋಧಿ ತಿನ್ನುತ್ತಿರುವಾಗ ಮಾತ್ರ. ಬಿಟ್ಟ ಮೇಲೆ ಕರುಳು ಮಾಯತೊಡಗುತ್ತದೆ, ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬರಬಹುದು. ಆಮೇಲೆ ಖಚಿತಪಡಿಸಿಕೊಳ್ಳಬೇಕೆಂದರೆ ವೈದ್ಯರ ನಿಗಾದಲ್ಲಿ ಕೆಲವು ವಾರ ಮತ್ತೆ ಗೋಧಿ ತಿನ್ನಬೇಕಾಗುತ್ತದೆ. ಈಗಷ್ಟೇ ಚೇತರಿಸಿಕೊಂಡ ದೇಹಕ್ಕೆ ಅದೊಂದು ಹಿಂಸೆ.

ಗೋಧಿ ಆಗದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಗೋಧಿ ಅಲರ್ಜಿಯೇ ಬೇರೆ, ಅಲ್ಲಿ ತಿಂದ ಸ್ವಲ್ಪ ಹೊತ್ತಿಗೇ ದದ್ದು, ಊತ, ಉಸಿರಾಟದ ತೊಂದರೆ ಬರಬಹುದು. ಸೀಲಿಯಾಕ್ ಇಲ್ಲದೆಯೂ ಗೋಧಿ ತಿಂದರೆ ಹೊಟ್ಟೆ ಕೆಡುವವರಿದ್ದಾರೆ. ಯಾವುದು ನಿಮ್ಮದು ಎಂಬುದರ ಮೇಲೆ ಪಥ್ಯ ಎಷ್ಟು ಕಟ್ಟುನಿಟ್ಟು ಎಂಬುದು ನಿಂತಿದೆ. ಜೊತೆಗೆ, ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದರೆ ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಉಂಟು. ಅವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ತೂಕ ಇಳಿಸಲು, ಮುಖಕಾಂತಿಗೆ ಎಂದು ಗ್ಲುಟೆನ್ ಬಿಡುವವರಿಗೆ ಒಂದು ಮಾತು: ಇದು ಅದಕ್ಕೆ ಇರುವ ಪಥ್ಯವಲ್ಲ. ಕಾಯಿಲೆ ಇಲ್ಲದವರು ಇದನ್ನು ಹಿಡಿಯುವ ಅಗತ್ಯವಿಲ್ಲ.

ಗೋಧಿಗೆ ಎಷ್ಟು ಹೆಸರು?

ಬಿಡಬೇಕಾದ್ದರ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಗೋಧಿ ಹಿಟ್ಟು, ಮೈದಾ, ಗೋಧಿ ನುಚ್ಚು, ಬನ್ಸಿ ರವೆ, ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಗೋಧಿ ಶ್ಯಾವಿಗೆ, ಬಾರ್ಲಿ ಎಲ್ಲವೂ ಅದರಲ್ಲಿರಲಿ. ಉತ್ತರ ಕರ್ನಾಟಕದಲ್ಲಿ ಹುಗ್ಗಿಗೆ, ಮಾದಲಿಗೆ ಬಳಸುವ ಗೋಧಿ, ಜವೆಗೋಧಿ, ಖಪ್ಲಿ ಕೂಡ. ಖಪ್ಲಿ ಹಳೆಯ ತಳಿ, ದೇಸಿ, ಆದ್ದರಿಂದ ತೊಂದರೆಯಿಲ್ಲ ಎಂದು ಮಾರುವವರಿದ್ದಾರೆ. ಹಳೆಯದಾದರೂ ಅದು ಗೋಧಿಯೇ, ಅದರಲ್ಲಿ ಗ್ಲುಟೆನ್ ಇದ್ದೇ ಇದೆ.

ಹೆಸರಿನ ಗೊಂದಲಗಳನ್ನೂ ಮೊದಲೇ ಬಿಡಿಸಿಕೊಳ್ಳಿ:

- ಸಜ್ಜೆ ತಿನ್ನಬಹುದು, ಸಜ್ಜಿಗೆ ತಿನ್ನಬಾರದು. ಮೊದಲನೆಯದು ಸಿರಿಧಾನ್ಯ, ಎರಡನೆಯದು ಗೋಧಿ ರವೆಯ ಸಿಹಿ.
- ಇಡ್ಲಿ ರವೆ, ಅಕ್ಕಿ ತರಿ ಅಕ್ಕಿಯವು, ಅವು ಸರಿ. ಆದರೆ "ರವೆ ಇಡ್ಲಿ" ಗೋಧಿ ರವೆಯದು.
- ಒತ್ತು ಶ್ಯಾವಿಗೆ ಅಕ್ಕಿಯದು. ಅಂಗಡಿಯಲ್ಲಿ ಸಿಗುವ ರಾಗಿ ಶ್ಯಾವಿಗೆಯ ಪೊಟ್ಟಣದಲ್ಲಿ ಎಷ್ಟೋ ಸಲ ಗೋಧಿಯೂ ಇರುತ್ತದೆ.
- ರಾಗಿ ಬಿಸ್ಕತ್ತು, ಮಲ್ಟಿಗ್ರೇನ್ ಹಿಟ್ಟು ಎಂಬ ಹೆಸರು ನೋಡಿ ಮೋಸಹೋಗಬೇಡಿ. ಅವುಗಳಲ್ಲಿ ಗೋಧಿಯೇ ಮುಖ್ಯವಾಗಿರುವುದುಂಟು.
- ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಡಿದ ಮಾಲ್ಟ್ ಸರಿ. ಡಬ್ಬಿಗಳ ಮೇಲೆ ಬರೀ "ಮಾಲ್ಟ್" ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದು. ಮಕ್ಕಳಿಗೆ ಹಾಲಿನಲ್ಲಿ ಕಲಸಿ ಕೊಡುವ ಪುಡಿಗಳಲ್ಲಿ ಇದನ್ನು ಹುಡುಕಿ ನೋಡಿ.

ಓಟ್ಸ್ ವಿಷಯದಲ್ಲಿ ಎಚ್ಚರ ಬೇಕು. ಅದರಲ್ಲಿ ಗೋಧಿಯ ಗ್ಲುಟೆನ್ ಇಲ್ಲ. ಆದರೆ ಹೊಲದಿಂದ ಕಾರ್ಖಾನೆಯವರೆಗೆ ಗೋಧಿ, ಬಾರ್ಲಿಯ ಜೊತೆಯಲ್ಲೇ ಸಾಗುವುದರಿಂದ ಸಾಧಾರಣ ಓಟ್ಸ್ ಶುದ್ಧವಲ್ಲ. ಶುದ್ಧವಾದದ್ದೂ ಕೆಲವರಿಗೆ ಆಗುವುದಿಲ್ಲ. ಮೊದಲ ವರ್ಷ ದೂರವಿಟ್ಟು, ಆಮೇಲೆ ವೈದ್ಯರನ್ನು ಕೇಳಿ ಮುಂದುವರಿಯಿರಿ.

ನಮ್ಮ ಊಟವೇ ನಮ್ಮ ಪಥ್ಯ

ಈಗ ಸಮಾಧಾನದ ಮಾತು. ಅಮೆರಿಕದಲ್ಲೋ ದೆಹಲಿಯಲ್ಲೋ ಇರುವ ಸೀಲಿಯಾಕ್ ರೋಗಿ ಬ್ರೆಡ್ಡಿಗೆ, ರೊಟ್ಟಿಗೆ ಬದಲಿ ಹುಡುಕುತ್ತ ದುಬಾರಿ ಪೊಟ್ಟಣಗಳ ಹಿಂದೆ ಅಲೆಯಬೇಕು. ನಮಗೆ ಬದಲಿ ಬೇಡ, ಮೂಲವೇ ಇದೆ. ಇಡ್ಲಿ, ದೋಸೆ, ನೀರುದೋಸೆ, ಪಡ್ಡು, ಅವಲಕ್ಕಿ, ಮಂಡಕ್ಕಿ, ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತ್, ಪೊಂಗಲ್, ಮುದ್ದೆ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನುಚ್ಚಿನುಂಡೆ, ಕೊಟ್ಟೆ ಕಡುಬು, ಪತ್ರೊಡೆ. ಕೊಡಗಿನ ಕಡಂಬುಟ್ಟು, ನೂಪುಟ್ಟು, ಕರಾವಳಿಯ ಪುಂಡಿ, ಕೋರಿ ರೊಟ್ಟಿ. ಇಂಗಿನ ವಿಷಯವೊಂದು ಬಿಟ್ಟರೆ (ಅದು ಮುಂದೆ ಬರುತ್ತದೆ) ಇವೆಲ್ಲವೂ ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದವು. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ ಎಂಬ ಕಿರುಧಾನ್ಯಗಳಲ್ಲೂ ಗ್ಲುಟೆನ್ ಇಲ್ಲ. ಬೇಳೆಕಾಳು, ಹಣ್ಣು ತರಕಾರಿ, ಹಾಲು ಮೊಸರು, ಮೊಟ್ಟೆ, ಮೀನು, ಮಾಂಸಕ್ಕೆ ತಡೆಯೇ ಇಲ್ಲ.

ಹೊಸದಾಗಿ ಹೊಂದಿಕೊಳ್ಳುವವರು ಬಿಟ್ಟದ್ದರ ಬದಲು ಏನು ಎಂದು ಒಂದೊಂದಾಗಿ ಜೋಡಿಸಿಕೊಂಡರೆ ಅಡುಗೆ ಸುಲಭ. ಉಪ್ಪಿಟ್ಟು ಬೇಕೆನಿಸಿದರೆ ಅಕ್ಕಿ ತರಿಯದು ಅಥವಾ ನವಣೆಯದು ಮಾಡಿ. ಶ್ಯಾವಿಗೆಬಾತಿಗೆ ಒತ್ತು ಶ್ಯಾವಿಗೆ. ಕೇಸರಿಬಾತಿನ ಬದಲು ಅವಲಕ್ಕಿ ಕೇಸರಿ. ಪೂರಿಯ ಬದಲು ಅಕ್ಕಿ ಹಿಟ್ಟಿನ ವಡಪ್ಪೆ. ಸಾರಿನಲ್ಲಿ ಅದ್ದಿ ತಿನ್ನುವ ಆಸೆಗೆ ಜೋಳದ ರೊಟ್ಟಿಗಿಂತ ಬೇರೇನು ಬೇಕು?

ಗೋಧಿಯಲ್ಲದ ಹಿಟ್ಟು ಲಟ್ಟಿಸುವಾಗ ಹರಿಯುತ್ತದೆ, ಏಕೆಂದರೆ ಹಿಡಿದಿಡುವ ಅಂಟು ಅದರಲ್ಲಿಲ್ಲ. ಇದಕ್ಕೆ ಉತ್ತರವನ್ನು ಉತ್ತರ ಕರ್ನಾಟಕದ ಅವ್ವಂದಿರು ಎಂದೋ ಕಂಡುಕೊಂಡಿದ್ದಾರೆ: ಕುದಿಯುವ ಎಸರು. ಬಿಸಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ತಾನೇ ಅಂಟಾಗುತ್ತದೆ. ಜೋಳ, ಅಕ್ಕಿ, ರಾಗಿ, ಸಜ್ಜೆ ಯಾವುದೇ ಆಗಲಿ, ಎಸರು ಹೊಯ್ದು ಚೆನ್ನಾಗಿ ನಾದಿ, ಹಿಟ್ಟು ಆರುವ ಮೊದಲೇ ತಟ್ಟಿ. ಮೃದುವಾದ ಚಪಾತಿಯಂಥದ್ದೇ ಬೇಕೆಂದರೆ ಒಂದು ಬಟ್ಟಲು ಹಿಟ್ಟಿಗೆ ಒಂದು ಚಮಚ ಇಸಬ್ಗೋಲು ಅಥವಾ ಒಂದು ಬೇಯಿಸಿದ ಆಲೂಗಡ್ಡೆ ಸೇರಿಸಿ ನಾದಿದರೆ ಸುತ್ತಲು ಬರುತ್ತದೆ, ಡಬ್ಬಿಯಲ್ಲೂ ಮೆತ್ತಗಿರುತ್ತದೆ.

ಕಾಣದ ಗೋಧಿಯ ಮೂರು ಬಾಗಿಲು

ಮೊದಲ ಬಾಗಿಲು ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ, ಜೋಳ ಬೀಸಿದರೆ ಹಿಟ್ಟಿನಲ್ಲಿ ಗೋಧಿ ಬೆರೆಯುವುದು ಖಂಡಿತ. "ಒಂದು ಹಿಡಿ ಮೊದಲು ಬೀಸಿ ಚೆಲ್ಲಿಬಿಡಿ" ಎಂಬ ಸಲಹೆ ಸೀಲಿಯಾಕ್ ರೋಗಿಗೆ ಸಾಲದು. ಗೋಧಿಗೆ ಒಂದು, ರಾಗಿಗೆ ಒಂದು ಎಂದು ಬೇರೆ ಬೇರೆ ಯಂತ್ರ ಇಟ್ಟಿರುವ ಗಿರಣಿ ಹುಡುಕಿ. ಅಲ್ಲೂ ಒಂದೇ ಜರಡಿ, ಒಂದೇ ಡಬ್ಬ ಬಳಸುತ್ತಾರೆಯೇ ಎಂದು ಕೇಳಿ. ಇದಕ್ಕಿಂತ ನೆಮ್ಮದಿಯ ದಾರಿ ಮನೆಯಲ್ಲೇ ಬೀಸುವ ಸಣ್ಣ ಹಿಟ್ಟಿನ ಯಂತ್ರ. ಸ್ವಲ್ಪ ಸ್ವಲ್ಪವಾದರೆ ಮಿಕ್ಸಿಯೂ ಸಾಕು. ಅಕ್ಕಿ ನೆನೆಸಿ ರುಬ್ಬುವ ತಿಂಡಿಗಳಿಗೆ ಈ ತಾಪತ್ರಯವೇ ಇಲ್ಲ. ಹಿಟ್ಟಾಗಿರುವುದನ್ನು ತರುವುದಕ್ಕಿಂತ ಕಾಳು ತಂದು, ಆರಿಸಿ, ತೊಳೆದು, ಒಣಗಿಸಿ ಬೀಸಿಕೊಳ್ಳಿ. ರಾಶಿಯಲ್ಲಿ ಬೆರೆತ ಗೋಧಿ ಕಾಳು ಕಣ್ಣಿಗೆ ಬೀಳುವುದು ಆರಿಸುವಾಗಲೇ.

ಎರಡನೆಯ ಬಾಗಿಲು ಇಂಗು. ನಾವು ಡಬ್ಬಿಯಲ್ಲಿ ತರುವ ಪುಡಿ ಇಂಗು ಅಪ್ಪಟ ಇಂಗಲ್ಲ. ಗಿಡದ ಅಂಟಿಗೆ ಹಿಟ್ಟು, ಗೋಂದು ಸೇರಿಸಿ ಮಾಡಿದ್ದು. ಆ ಹಿಟ್ಟು ಹಲವು ಸಲ ಗೋಧಿಯದು ಅಥವಾ ಮೈದಾ. ಡಬ್ಬಿಯ ಹಿಂದೆ ಬರೆದಿರುತ್ತಾರೆ, ಓದಿ. ಅಕ್ಕಿ ಹಿಟ್ಟು ಸೇರಿಸಿದ ಇಂಗು ಸಿಗುತ್ತದೆ, ಅದನ್ನು ತನ್ನಿ. ಸಿಗದಿದ್ದರೆ ಒಗ್ಗರಣೆಗೆ ಬೆಳ್ಳುಳ್ಳಿ ಸಾಕು. ಇಂಗು ಇಲ್ಲದ ಸಾರು ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಅಂಗಡಿಯ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಮಸಾಲೆ ಮಜ್ಜಿಗೆಯಲ್ಲೂ ಇಂಗು ಇರುತ್ತದೆ ಎಂಬುದು ನೆನಪಿರಲಿ. ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಮಾಡಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ.

ಮೂರನೆಯ ಬಾಗಿಲು ಕುರುಕಲು ತಿಂಡಿ. ಮದ್ದೂರು ವಡೆಯಲ್ಲಿ ಮೈದಾ, ರವೆ ಇವೆ. ಗೋಳಿಬಜೆ, ಮಂಗಳೂರು ಬನ್ಸ್ ಮೈದಾದವು. ನಿಪ್ಪಟ್ಟು, ಕೋಡುಬಳೆ ಅಕ್ಕಿ ಹಿಟ್ಟಿನವು ಎಂದುಕೊಳ್ಳುತ್ತೇವೆ, ಗರಿಗರಿಯಾಗಲೆಂದು ಮೈದಾ, ಚಿರೋಟಿ ರವೆ ಸೇರಿಸುವವರೇ ಹೆಚ್ಚು. ಗೋಬಿ ಮಂಚೂರಿಗೆ ಮೈದಾ ಲೇಪನ, ಅದರ ಮೇಲೆ ಸೋಯಾ ಸಾಸ್. ಈ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿ ಇದೆ. ಕಡಲೆ ಹಿಟ್ಟಿನ ಬಜ್ಜಿ ಸರಿ ಎನಿಸಿದರೂ ಮೈದಾ ಬೋಂಡ ಕರಿದ ಎಣ್ಣೆಯಲ್ಲೇ ಕರಿದಿದ್ದರೆ ಅದೂ ಬೇಡ.

ಇಷ್ಟು ಸ್ವಲ್ಪಕ್ಕೆ ಏನಾದೀತು ಎಂದು ಕೇಳಬಹುದು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಒಳಹೋದರೂ ಕರುಳಿಗೆ ಹಾನಿಯಾಗುವುದನ್ನು ಸಂಶೋಧಕರು ತೋರಿಸಿದ್ದಾರೆ. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಅಥವಾ ಅದಕ್ಕೂ ಹೆಚ್ಚು ಗ್ಲುಟೆನ್ ಇರುತ್ತದೆ. ಅಂದರೆ ಅದರ ನಲವತ್ತರಲ್ಲಿ ಒಂದು ಪಾಲು, ಬೆರಳಿಗಂಟಿದ ಪುಡಿಯಷ್ಟು, ದಿನಾ ಒಳಹೋದರೆ ಸಾಕು. ಹೊಟ್ಟೆ ನೋಯದಿದ್ದರೂ ಒಳಗೆ ಹಾನಿ ನಡೆದಿರುತ್ತದೆ.

ಅಡುಗೆಮನೆಯ ಶಿಸ್ತು

ಇಡೀ ಮನೆ ಗೋಧಿ ಬಿಟ್ಟರೆ ಎಲ್ಲವೂ ಸಲೀಸು. ಅದು ಎಲ್ಲರಿಗೂ ಆಗದ ಮಾತು. ಮನೆಯಲ್ಲಿ ಗೋಧಿಯೂ ಇರುವುದಾದರೆ ಈ ಕೆಲವು ನಿಯಮಗಳನ್ನು ಮಡಿಯಂತೆ ಪಾಲಿಸಿ:

1. ಪಥ್ಯದವರಿಗೆ ಬೇರೆ ಕಾವಲಿ, ಬೇರೆ ಲಟ್ಟಣಿಗೆ ಮತ್ತು ಮಣೆ, ಬೇರೆ ಜರಡಿ, ಬೇರೆ ಮರದ ಸೌಟು. ಮರದ ಸಂದುಗಳಲ್ಲಿ, ಜರಡಿಯ ಕಣ್ಣುಗಳಲ್ಲಿ ಹಿಟ್ಟು ಉಳಿಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಸ್ಟೀಲ್ ಪಾತ್ರೆಗಳನ್ನು ಸೋಪು ಹಾಕಿ ಉಜ್ಜಿ ತೊಳೆದರೆ ಸಾಕು.
2. ಅವರ ಅಡುಗೆ ಮೊದಲು ಆಗಲಿ. ಗೋಧಿ ಹಿಟ್ಟು ಗಾಳಿಯಲ್ಲಿ ಹಾರಿ ಎಲ್ಲದರ ಮೇಲೂ ಕೂರುತ್ತದೆ.
3. ಅವರ ಹಿಟ್ಟು, ರವೆಗಳ ಡಬ್ಬಿಗಳಿಗೆ ಬಣ್ಣದ ಪಟ್ಟಿ ಅಂಟಿಸಿ ಮೇಲಿನ ಹಲಗೆಯಲ್ಲಿಡಿ. ಕೆಳಗಿಟ್ಟರೆ ಮೇಲಿಂದ ಗೋಧಿ ಹಿಟ್ಟು ಉದುರುತ್ತದೆ.
4. ಚಪಾತಿ ಮುಟ್ಟಿದ ಕೈಯನ್ನು ಉಪ್ಪಿನಕಾಯಿ ಜಾಡಿಗೆ ಹಾಕುವಂತಿಲ್ಲ. ಬೆಣ್ಣೆ, ಜಾಮ್, ಚಟ್ನಿಯ ಬಟ್ಟಲು ಅವರಿಗೆ ಬೇರೆ.
5. ಕರಿಯುವ ಎಣ್ಣೆ ಹಂಚಿಕೊಳ್ಳಬೇಡಿ. ಪೂರಿ ಕರಿದ ಎಣ್ಣೆಯಲ್ಲಿ ಅವರ ಹಪ್ಪಳ ಕರಿಯಬೇಡಿ.
6. ಕೆಲಸದವರಿಗೆ, ಅಜ್ಜಿ ತಾತನಿಗೆ ಕೂರಿಸಿಕೊಂಡು ತಿಳಿಸಿ. ತಪ್ಪು ಆಗುವುದು ಕಾಳಜಿ ಇಲ್ಲದೆ ಅಲ್ಲ, ತಿಳಿಯದೆ.

ಪೊಟ್ಟಣದ ಆಹಾರ ಕೊಳ್ಳುವಾಗ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ನಿಮ್ಮ ನೆರವಿಗಿದೆ. ಒಂದು ಕಿಲೋಗ್ರಾಂನಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಮಾತ್ರ "ಗ್ಲುಟೆನ್ ಫ್ರೀ" ಎಂದು ಬರೆಯಬಹುದು. "ಲೋ ಗ್ಲುಟೆನ್" ಎಂದರೆ 20ರಿಂದ 100 ಮಿಲಿಗ್ರಾಂ, ಅದು ಸೀಲಿಯಾಕ್ ಇರುವವರಿಗಲ್ಲ. ಗ್ಲುಟೆನ್ ಇರುವ ಧಾನ್ಯ ಸೇರಿದ್ದರೆ ಅಲರ್ಜಿ ಸೂಚನೆಯಲ್ಲಿ ತಿಳಿಸಬೇಕು ಎಂದೂ ನಿಯಮವಿದೆ. "ಕಂಟೇನ್ಸ್ ವೀಟ್", "ಮೇ ಕಂಟೇನ್ ವೀಟ್" ಎಂಬ ಸಾಲುಗಳನ್ನು ಗುರುತಿಸಲು ಮನೆಯ ಪ್ರತಿಯೊಬ್ಬರೂ, ಓದಲು ಬರುವ ಮಕ್ಕಳೂ ಕಲಿಯಲಿ. ಔಷಧಿ ಮಾತ್ರೆಗಳಲ್ಲೂ ಪಿಷ್ಟ ಬಳಸುತ್ತಾರೆ. ಬರೆಸಿಕೊಳ್ಳುವಾಗಲೇ ನಿಮಗೆ ಸೀಲಿಯಾಕ್ ಇದೆಯೆಂದು ವೈದ್ಯರಿಗೆ ಹೇಳಿ.

ಹಬ್ಬ, ಮದುವೆ, ಪ್ರಸಾದ

ಪಥ್ಯ ಮುರಿಯುವುದು ಹಸಿವಿನಿಂದಲ್ಲ, ದಾಕ್ಷಿಣ್ಯದಿಂದ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದು. ಬೇಡವೆನ್ನಲು ಮನಸ್ಸು ಬಾರದು. ಆಗ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ತೀರ್ಥ, ಹಣ್ಣು ತೆಗೆದುಕೊಳ್ಳಿ. ಭಕ್ತಿಗೆ ಇದರಿಂದ ಕುಂದಿಲ್ಲ. ಏಕಾದಶಿಗೆ ಅಕ್ಕಿ ಬಿಟ್ಟು ರವೆ ಉಪ್ಪಿಟ್ಟು ತಿನ್ನುವ ಮನೆಗಳಲ್ಲಿ ಪಥ್ಯದವರಿಗೆ ಹಣ್ಣು, ಹಾಲು, ಸಬ್ಬಕ್ಕಿ ಇರಲಿ. ಚರ್ಚಿನ ಪರಮಪ್ರಸಾದದ ರೊಟ್ಟಿ ಗೋಧಿಯದು. ಗ್ಲುಟೆನ್ ಅತ್ಯಲ್ಪವಿರುವ ರೊಟ್ಟಿಗೆ ಕ್ಯಾಥೊಲಿಕ್ ಧರ್ಮಸಭೆಯ ಒಪ್ಪಿಗೆ ಇದೆ. ಗುರುಗಳನ್ನು ಮೊದಲೇ ಕಂಡು ಮಾತಾಡಿ. ರಂಜಾನಿನ ಶೀರ್‌ಖುರ್ಮಾಕ್ಕೆ ಅಕ್ಕಿ ಶ್ಯಾವಿಗೆ ಹಾಕಬಹುದು. ಹಲೀಮ್ ಮಾತ್ರ ಗೋಧಿಯದು, ಅದನ್ನು ಬಿಡಲೇಬೇಕು.

ಹಬ್ಬಗಳಲ್ಲಿ ಅರ್ಧದಷ್ಟು ಸಿಹಿ ನಿಮ್ಮದೇ. ಸಂಕ್ರಾಂತಿಯ ಎಳ್ಳುಬೆಲ್ಲ, ರಾಮನವಮಿಯ ಪಾನಕ, ಇಂಗಿಲ್ಲದ ಕೋಸಂಬರಿ, ನಾಗರಪಂಚಮಿಯ ಎಳ್ಳುಂಡೆ, ಶೇಂಗಾ ಉಂಡೆ, ಅಕ್ಕಿ ತಂಬಿಟ್ಟು, ಗಣಪತಿಯ ಅಕ್ಕಿ ಹಿಟ್ಟಿನ ಮೋದಕ, ಮನೆಯಲ್ಲೇ ಮಾಡಿದ ಮೈಸೂರು ಪಾಕ್, ಹೆಸರುಬೇಳೆ ಪಾಯಸ. ತಂಬಿಟ್ಟನ್ನು ಗೋಧಿಯಲ್ಲೂ ಮಾಡುತ್ತಾರೆ, ಕೇಳಿ ತಿನ್ನಿ. ಯುಗಾದಿಯ ಹೋಳಿಗೆ ಬಿಡುವುದೇ ಬಲು ದುಃಖ. ನಮ್ಮ ಅಕ್ಕ ಹೂರಣವನ್ನು ಉಕ್ಕರಿಸಿದ ಅಕ್ಕಿ ಹಿಟ್ಟಿನೊಳಗೆ ತುಂಬಿ ಕಡುಬು ಮಾಡುತ್ತಾಳೆ. ಈಗ ಮನೆಯವರೆಲ್ಲ ಅದನ್ನೇ ಕೇಳುತ್ತಾರೆ.

ಮದುವೆ ಮನೆಗೆ ಹೋಗುವಾಗ ಉಂಡೇ ಹೋಗಿ, ಇಲ್ಲವೇ ಡಬ್ಬಿ ಒಯ್ಯಿರಿ. ಎಲೆಯಲ್ಲಿ ಅನ್ನ, ಮೊಸರು, ಹಣ್ಣು ಹಾಕಿಸಿಕೊಳ್ಳಬಹುದು. ಎಲೆಯ ಮೇಲೆ ಹೋಳಿಗೆ, ಚಿರೋಟಿ ಬೀಳುವ ಮೊದಲೇ ಕೈ ಅಡ್ಡ ಹಿಡಿಯಿರಿ.

ಹೋಟೆಲು, ಪ್ರಯಾಣ, ಶಾಲೆ

ಹೋಟೆಲಿನಲ್ಲಿ "ಗ್ಲುಟೆನ್ ಇದೆಯಾ" ಎಂದು ಕೇಳಬೇಡಿ. ಆ ಪದ ಗೊತ್ತಿಲ್ಲದವರು "ಇಲ್ಲ ಸಾರ್" ಎಂದುಬಿಡುತ್ತಾರೆ. ಕೇಳಬೇಕಾದದ್ದು ಹೀಗೆ: "ದೋಸೆ ಹಿಟ್ಟಿಗೆ ಮೈದಾ, ರವೆ ಹಾಕ್ತೀರಾ? ಇದೇ ಕಾವಲಿ ಮೇಲೆ ರವೆ ದೋಸೆ, ಚಪಾತಿ ಮಾಡ್ತೀರಾ? ಸಾಂಬಾರಿಗೆ ಯಾವ ಇಂಗು?" ಹಬೆಯಲ್ಲಿ ಬೆಂದ ಅಕ್ಕಿ ಇಡ್ಲಿ, ಕಾಯಿ ಚಟ್ನಿ, ಬಿಳಿ ಅನ್ನ, ಮೊಸರು ಕಡಿಮೆ ಅಪಾಯದವು. ಇಡ್ಲಿ ಅಕ್ಕಿಯದೇ ಎಂದು, ಚಟ್ನಿಯ ಒಗ್ಗರಣೆಗೆ ಇಂಗು ಬಿದ್ದಿಲ್ಲವೆಂದು ಕೇಳಿಕೊಳ್ಳಿ. ಒಂದು ಚೀಟಿ ಬರೆದು ಜೇಬಿನಲ್ಲಿಡಿ: "ನನಗೆ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಬಾರ್ಲಿ, ಗೋಧಿ ಹಿಟ್ಟು ಸೇರಿದ ಇಂಗು ಸ್ವಲ್ಪ ತಿಂದರೂ ಆಗುವುದಿಲ್ಲ." ಉತ್ತರ ಭಾರತಕ್ಕೆ ಹೋಗುವವರು ಇದನ್ನೇ ಹಿಂದಿಯಲ್ಲಿ ಬರೆಸಿಕೊಳ್ಳಿ. ರೈಲು ಪ್ರಯಾಣಕ್ಕೆ ಚಿತ್ರಾನ್ನ, ಅವಲಕ್ಕಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು. ಖಡಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ.

ಶಾಲೆಗೆ ಹೋಗುವ ಮಗುವಾದರೆ ತರಗತಿಯ ಶಿಕ್ಷಕರಿಗೆ ಒಂದು ಪತ್ರ ಕೊಡಿ. ಹುಟ್ಟುಹಬ್ಬದ ಕೇಕ್, ಗೆಳತಿಯ ಡಬ್ಬಿಯ ಚಪಾತಿ, ಮಣ್ಣಿನಂತೆ ಮೆತ್ತಿ ಆಡುವ ಬಣ್ಣದ ಹಿಟ್ಟು ಇವು ಅಲ್ಲಿನ ಅಪಾಯಗಳು. ಆ ಆಟದ ಹಿಟ್ಟಿನಲ್ಲಿ ಗೋಧಿ ಇರುವುದುಂಟು. ಆಡಿದ ಮೇಲೆ ಕೈ ತೊಳೆಸಬೇಕು. ಶಿಕ್ಷಕರ ಬಳಿ ಮಗು ತಿನ್ನಬಹುದಾದ ಸಿಹಿಯ ಡಬ್ಬಿ ಇಟ್ಟುಬಿಡಿ. ಎಲ್ಲರೂ ತಿನ್ನುವಾಗ ಅವಳ ಕೈ ಬರಿದಾಗದಿರಲಿ.

ಪೋಷಣೆ ಮತ್ತು ತಪಾಸಣೆ

ಗೋಧಿ ಬಿಟ್ಟವರು ಮೂರು ಹೊತ್ತೂ ಬಿಳಿ ಅನ್ನಕ್ಕೆ ಜಾರುವುದು ಸಾಮಾನ್ಯ. ನಾರಿನಂಶ ಕಡಿಮೆಯಾಗಿ ಮಲಬದ್ಧತೆ, ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಏರಿಕೆ ಆಗುತ್ತದೆ. ದಿನಕ್ಕೊಂದು ಹೊತ್ತಾದರೂ ರಾಗಿ, ಜೋಳ ಅಥವಾ ಕಿರುಧಾನ್ಯ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸವೆದ ಮೂಳೆಗೆ ಇದು ದೊಡ್ಡ ಆಸರೆ. ಸೊಪ್ಪು, ಮೊಳಕೆಕಾಳು, ನಿಂಬೆರಸ ಜೊತೆಗಿರಲಿ. ಕಬ್ಬಿಣ, ಫೋಲಿಕ್ ಆಮ್ಲ, ಬಿ12, ಡಿ ಜೀವಸತ್ವಗಳ ಕೊರತೆಯನ್ನು ಮೊದಲಲ್ಲೇ ಪರೀಕ್ಷಿಸಿ ವೈದ್ಯರು ಮಾತ್ರೆ ಕೊಡುತ್ತಾರೆ, ಅವನ್ನು ನಡುವೆ ಬಿಡಬೇಡಿ. ಕರುಳು ಸವೆದಿರುವಾಗ ಕೆಲವರಿಗೆ ಹಾಲು ಜೀರ್ಣವಾಗುವುದಿಲ್ಲ. ಕೆಲವು ತಿಂಗಳು ಮೊಸರು, ಮಜ್ಜಿಗೆ ಕುಡಿದು, ಆಮೇಲೆ ಹಾಲಿಗೆ ಮರಳಬಹುದು.

ಹೊಟ್ಟೆಯ ತೊಂದರೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಕರುಳು ಪೂರ್ತಿ ಮಾಯಲು ತಿಂಗಳುಗಳು, ದೊಡ್ಡವರಲ್ಲಿ ಒಂದೆರಡು ವರ್ಷವೂ ಬೇಕು. ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ತೊಂದರೆ ಮತ್ತು ಟೈಪ್ 1 ಮಧುಮೇಹ ಈ ಕಾಯಿಲೆಯ ಜೊತೆ ಬರುವುದುಂಟು, ಅವನ್ನೂ ನೋಡಿಸಿಕೊಳ್ಳಿ. ಮತ್ತೊಂದು ಮಾತು: ಚೇತರಿಸಿಕೊಂಡ ಮೇಲೆ "ವಾಸಿಯಾಯಿತು, ಇನ್ನು ತಿನ್ನಬಹುದು" ಎನಿಸುತ್ತದೆ. ವಾಸಿಯಾದದ್ದು ಗೋಧಿ ಬಿಟ್ಟಿದ್ದರಿಂದ. ಮರಳಿ ತಿಂದರೆ ಕಾಯಿಲೆಯೂ ಮರಳುತ್ತದೆ.

ಕೊನೆಗೆ, ಮನೆಯವರಿಗೆ

ಅಕ್ಕ ಗಿರಣಿ ಬಿಟ್ಟು ಮನೆಗೇ ಹಿಟ್ಟಿನ ಯಂತ್ರ ತಂದಳು, ಇಂಗಿನ ಡಬ್ಬಿ ಬದಲಾಯಿಸಿದಳು. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು, ವರ್ಷ ತುಂಬುವಾಗ ಮಗುವಿನ ಹಳೆಯ ಸಮವಸ್ತ್ರ ಗಿಡ್ಡವಾಗಿತ್ತು. ಆ ದಿನ ಮನೆಯಲ್ಲಿ ಆದ ಸಂತೋಷವನ್ನು ನಾನು ಮರೆಯಲಾರೆ.

ಈ ಪಥ್ಯವನ್ನು ಒಬ್ಬರೇ ಹೊರಲಾಗುವುದಿಲ್ಲ. ನಿಮ್ಮ ಮನೆಗೆ ಇಂಥವರು ಊಟಕ್ಕೆ ಬಂದರೆ "ಒಂದು ಚೂರು ತಿಂದ್ರೆ ಏನೂ ಆಗಲ್ಲ" ಎಂದು ಒತ್ತಾಯಿಸಬೇಡಿ. ಏನೇನು ಹಾಕಿದ್ದೀರೆಂದು ಅವರು ಕೇಳಿದರೆ ಬೇಸರಿಸಬೇಡಿ. ತೊಳೆದ ಪಾತ್ರೆಯಲ್ಲಿ, ಇಂಗಿಲ್ಲದ ಒಗ್ಗರಣೆ ಹಾಕಿ, ಎಲ್ಲರಿಗಿಂತ ಮೊದಲು ಅವರಿಗೆ ಬಡಿಸಿ. ನೀವು ಅವರಿಗೆ ಮಾಡಬಹುದಾದ ಅತ್ಯಂತ ದೊಡ್ಡ ಉಪಕಾರ ಅದೇ.